ಕಂಡಕ್ಟರ್ ಹುಲಿಗೆಮ್ಮನ ಗುಳಿಗೆಗಳು

ಕಂಡಕ್ಟರ್ ಹುಲಿಗೆಮ್ಮ ಬಸ್ಸಿನಲ್ಲಿ ಕೂರುತ್ತಿರಲಿಲ್ಲ. ಕುಷ್ಟಗಿಯಿಂದ ಹನುಮಸಾಗರದವರೆಗೆ, ಬಸ್ಸು ಅರ್ಧ ಖಾಲಿ ಇದ್ದರೂ, ಬಾಗಿಲ ಬಳಿಯ ಕಂಬಿಗೆ ಸೊಂಟ ಆನಿಸಿ ನಿಂತೇ ಬರುತ್ತಿದ್ದರು. ಕಂಡಕ್ಟರ್ ಸೀಟಿನ ಮೇಲೆ ಅವರ ಬುತ್ತಿ ಗಂಟು, ನೀರಿನ ಬಾಟಲಿ ಕೂತಿರುತ್ತಿದ್ದವು. ಯಾರಾದರೂ ಮುದುಕಿ ಹತ್ತಿದರೆ ಅವನ್ನೂ ಎತ್ತಿ ಜಾಗ ಕೊಡುತ್ತಿದ್ದರು. "ಕುಂತ್ರ ನಿದ್ದಿ ಬರ್ತೈತ್ರಿ" ಎಂದು ನಗುತ್ತಿದ್ದರು. ನಿಜವಾದ ಕಾರಣ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಖಾಕಿ ಬಟ್ಟೆಯ ಮೇಲೆ ಕಲೆ ಬಹಳ ಬೇಗ ಕಾಣುತ್ತದೆ.

ನಾನು ಹನುಮಸಾಗರಕ್ಕಿಂತ ಸ್ವಲ್ಪ ಮೊದಲೇ ಸಿಗುವ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಮನೆ ಕುಷ್ಟಗಿಯಲ್ಲಿ. ಬೆಳಗಿನ ಎಂಟೂವರೆ ಬಸ್ಸಿಗೆ ಖಾಜಾಸಾಬರು ಡ್ರೈವರ್, ಹುಲಿಗೆಮ್ಮ ಕಂಡಕ್ಟರ್. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಬಂದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹುಲಿಗೆಮ್ಮ ಮಾತ್ರ ಆ ಗದ್ದಲದಲ್ಲಿ ಸಲೀಸಾಗಿ ಓಡಾಡುತ್ತಿದ್ದರು. "ಯವ್ವಾ, ಬಾಗಲಾಗ ನಿಂತು ಸಂಸಾರ ಮಾಡಬ್ಯಾಡ, ಒಳಗ ಸರಿ. ಒಳಗೂ ಬಸ್ ಅಷ್ಟ ಜೋರ ಓಡ್ತೈತಿ" ಎಂದರೆ ಬೈಸಿಕೊಂಡವಳೂ ನಕ್ಕು ಸರಿಯುತ್ತಿದ್ದಳು. ಹುಲಿಗೆಮ್ಮ ಹುಲಿಹೈದರದ ಕೂಲಿಕಾರರ ಮಗಳು. ಊರಿನಲ್ಲಿ ಪಿಯುಸಿ ಮುಗಿಸಿದ ಮೊದಲ ಹೆಂಗಸು ತಾನೆಂದು ತಿಂಗಳಿಗೊಮ್ಮೆಯಾದರೂ ನನಗೆ ನೆನಪಿಸುತ್ತಿದ್ದರು.

ಒಂದು ದಿನ ಅವರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ತುಟಿ ಬೆಳ್ಳಗಾಗಿತ್ತು. ನನ್ನ ಕಿವಿಯ ಹತ್ತಿರ ಬಾಗಿ, "ಅಕ್ಕೋರ, ನನ್ನ ಹಿಂದ ಸ್ವಲ್ಪ ನೋಡ್ರಿ" ಎಂದರು. ನೋಡಿದೆ. ನನ್ನ ಹೆಗಲ ಶಾಲು ತೆಗೆದು ಅವರ ಸೊಂಟಕ್ಕೆ ಸುತ್ತಿದೆ. ಆವತ್ತಿನಿಂದ ನಾವು ಗೆಳತಿಯರಾದೆವು.

ಅವರಿಗೆ ಆಗ ನಲವತ್ತಾರು. ಮುಟ್ಟು ಒಮ್ಮೆ ಎರಡು ತಿಂಗಳು ಮುಖ ತೋರಿಸುತ್ತಿರಲಿಲ್ಲ, ಬಂದರೆ ಹದಿನೈದು ದಿನ ನಿಲ್ಲುತ್ತಿರಲಿಲ್ಲ. ಗರ್ಭಚೀಲ ತೆಗೆಸಿಬಿಡು ಎಂದು ಊರೆಲ್ಲ ಹೇಳುತ್ತಿತ್ತು. ಹುಲಿಗೆಮ್ಮ ಒಪ್ಪಿರಲಿಲ್ಲ. "ನಮ್ಮಕ್ಕ ರೇಣವ್ವ ಮೂವತ್ತೆರಡಕ್ಕ ತೆಗಿಸಿದ್ಲು. ಈಗ ನೀರಿನ ಕೊಡ ಎತ್ತಾಕ ಬರಂಗಿಲ್ಲ ಅಕಿಗೆ. ನಂದು ನಿಂತು ಮಾಡೂ ಕೆಲಸ ಅಕ್ಕೋರ. ಇನ್ನ ಹದಿನಾಕ ವರ್ಷ ನಿಲ್ಲಬೇಕು." ಕೊಪ್ಪಳದ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಕೆಟ್ಟದ್ದೇನೂ ಇಲ್ಲ, ಮೂರು ತಿಂಗಳು ಗುಳಿಗೆ ತಪ್ಪದೆ ತೆಗೆದುಕೊಳ್ಳಿ, ಹತೋಟಿಗೆ ಬಂದರೆ ಆಪರೇಷನ್ ಮಾತೇ ಬೇಡ ಎಂದಿದ್ದರು. ಹುಲಿಗೆಮ್ಮನ ಆಸೆಯೆಲ್ಲ ಆ ಮೂರು ತಿಂಗಳ ಮೇಲೆ ನಿಂತಿತ್ತು.

ಗುಳಿಗೆ ಸುಲಭದ್ದಾಗಿರಲಿಲ್ಲ. ಮೊದಲ ವಾರ ಹೊಟ್ಟೆ ತೊಳಸಿ, ಎರಡು ಸಲ ಬಸ್ಸು ನಿಲ್ಲಿಸಿ ವಾಂತಿ ಮಾಡಿಕೊಂಡರು. ಎದೆ ಬಿಗಿದು ನೋವು, ತಲೆಭಾರ, ಯಾರ ಮೇಲಾದರೂ ಹಾಯುವಷ್ಟು ಸಿಟ್ಟು. ಸಾಕಾಗಿ ತಾವೇ ನಿಲ್ಲಿಸಿದರು. ಮೂರನೆಯ ದಿನಕ್ಕೆ ರಕ್ತ ಮತ್ತೆ ಹರಿಯಿತು. ಡಾಕ್ಟರಮ್ಮ ಬೈದದ್ದನ್ನು ಮರುದಿನ ಬಸ್ಸಿನಲ್ಲಿ ಅವರದೇ ದನಿಯಲ್ಲಿ ಆಡಿ ತೋರಿಸಿದರು: "ತ್ರಾಸ ಆದ್ರ ನನಗ ಹೇಳ್ರಿ, ಗುಳಿಗಿ ಬದಲಿ ಮಾಡೋಣು. ನಿಮ್ಮಷ್ಟಕ್ಕ ನೀವ ನಡಕ ನಿಲ್ಲಿಸಿದ್ರ ಮೊದಲಿಗಿಂತ ಜೋರ ಹೋಗ್ತೈತಿ. ತಿಳೀತಿಲ್ಲೋ?"

ಆಮೇಲೆ ಅವರು ಗುಳಿಗೆಯನ್ನೂ ಡ್ಯೂಟಿಯಂತೆ ಮಾಡಿದರು. ಬರಿ ಹೊಟ್ಟೆಯಲ್ಲಿ ನುಂಗುವುದು ಬಿಟ್ಟರು. ಮೊದಲು ಅರ್ಧ ಕಟಕ ರೊಟ್ಟಿ, ಮೇಲೆ ಗುಳಿಗೆ, ಬಾಯಲ್ಲಿ ಒಂದು ಚೂರು ಶುಂಠಿ. ಜೊತೆಗೆ ಕೊಟ್ಟಿದ್ದ, ರಕ್ತ ಹೆಚ್ಚಿಸುವ ಕಬ್ಬಿಣದ ಗುಳಿಗೆಯನ್ನು ಚಹಾದಿಂದ ದೂರ ಇಟ್ಟರು. ಅದರಿಂದ ಕಕ್ಕಸು ಕಪ್ಪಗಾದಾಗ ಹೆದರಿ ನನ್ನನ್ನು ಕೇಳಿದರು. ಅದು ಆ ಗುಳಿಗೆಯ ಗುಣ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಇಡೀ ಬಸ್ಸಿಗೆ ಕೇಳುವಂತೆ ನಕ್ಕರು. ಟಿಕೆಟ್ ರೋಲಿನ ತುಂಡುಗಳ ಮೇಲೆ ದಿನದಿನದ್ದನ್ನು ಬರೆದಿಡುತ್ತಿದ್ದರು: ಯಾವ ಊರಿನ ಹತ್ತಿರ ತಲೆ ತಿರುಗಿತು, ಎಷ್ಟು ಹೊತ್ತು, ಎಷ್ಟು ಬಟ್ಟೆ ಬದಲಾಯಿಸಿದೆ. ಅದನ್ನು ನೋಡಿ ಡಾಕ್ಟರಮ್ಮ ರಾತ್ರಿಯ ಗುಳಿಗೆಯ ಹೊತ್ತು ಬದಲಿಸಿದರು, ತೊಳಸುವುದು ಅರ್ಧಕ್ಕೆ ಇಳಿಯಿತು. ಐದು ವಾರ ಒಂದು ಹನಿಯೂ ಹೋಗಲಿಲ್ಲ. ಅವರ ಮುಖಕ್ಕೆ ಬಣ್ಣ ಬರುತ್ತಿತ್ತು. ಅಷ್ಟು ಜಾಗ್ರತೆಯ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಈಗಲೂ ಬಸ್ಸಿನಲ್ಲಿ ಯಾರಾದರೂ ಶುಂಠಿ ಅಗಿದರೆ ನಾನು ಬಾಗಿಲ ಬಳಿಯ ಕಂಬಿಯತ್ತ ತಿರುಗಿ ನೋಡುತ್ತೇನೆ.

ಆ ಹೊತ್ತಿಗೇ ನಮ್ಮ ಹೊಸ ಮನೆಯ ವಾಸ್ತುಶಾಂತಿ ಶುಕ್ರವಾರಕ್ಕೆ ಗೊತ್ತಾಯಿತು. ನನ್ನ ಮುಟ್ಟಿನ ದಿನ ಗುರುವಾರ. ಅತ್ತೆಗೆ ಹೇಳಿದರೆ ಮನೆಯೇ ತಲೆಕೆಳಗಾಗುತ್ತಿತ್ತು. ಮುಂದಕ್ಕೆ ಹಾಕುವ ಗುಳಿಗೆ ಇದೆಯೆಂದು ನಮ್ಮ ಕಡೆಯ ಎಲ್ಲ ಹೆಂಗಸರಿಗೂ ಗೊತ್ತು. ಅದು ಹುಲಿಗೆಮ್ಮ ನುಂಗುತ್ತಿದ್ದ ಗುಳಿಗೆಯೇ ಎಂದೂ ನನಗೆ ಗೊತ್ತಿತ್ತು. ಏಳನೆಯ ಇಯತ್ತೆಯ ಹುಡುಗಿಯರಿಗೆ ಮುಟ್ಟಿನಲ್ಲಿ ನಾಚಿಕೆಪಡುವುದೇನಿದೆ ಎಂದು ಪಾಠ ಹೇಳುವ ನಾನು, ಮೆಡಿಕಲ್ ಅಂಗಡಿಯ ಗಂಡಸರ ಮುಂದೆ ಅದರ ಹೆಸರು ಹೇಳಲು ನಾಚಿದೆ. ಸೋಮವಾರ ಬಸ್ಸಿನಲ್ಲಿ ಹುಲಿಗೆಮ್ಮನನ್ನು ಕೇಳಿದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹತ್ತು ಗುಳಿಗೆಗಳ ಶೀಟು ತೆಗೆದು ನನ್ನ ಕೈಯಲ್ಲಿಟ್ಟರು.

"ನಿಮಗ?" ಎಂದೆ.

"ಮನ್ಯಾಗ ಇನ್ನೊಂದು ಶೀಟ್ ಐತ್ರಿ. ಇಲ್ದಿದ್ರೂ ಏನಾತು, ನಿಂತು ಐದು ವಾರ ಆತು. ನಾಕ ದಿನ ನನ್ನ ಹೊಟ್ಟಿಗೂ ಸೂಟಿ ಸಿಗ್ಲಿ. ತಗೋರಿ ಅಕ್ಕೋರ, ದೇವರ ಕೆಲಸ."

ಆ "ಇಲ್ದಿದ್ರೂ" ಎಂಬ ಮಾತು ನನ್ನ ಕಿವಿಗೆ ಬಿತ್ತು. ನಡುವೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಡಾಕ್ಟರಮ್ಮನ ದನಿಯಲ್ಲಿ ಅವರೇ ನನಗೆ ಹೇಳಿದ್ದರು. ನಾನು ಶೀಟನ್ನು ಪರ್ಸಿಗೆ ಹಾಕಿಕೊಂಡೆ.

ಶುಕ್ರವಾರ ಹೋಮ ಮುಗಿದು ಊಟಕ್ಕೆ ಎಲೆ ಹಾಕುವಾಗ ಗೇಟಿನ ಹತ್ತಿರ ಹುಲಿಗೆಮ್ಮ ನಿಂತಿದ್ದರು. ಹಸಿರು ಸೀರೆ, ಕೈಯಲ್ಲಿ ನನಗಾಗಿ ತಂದ ಕುಪ್ಪಸದ ಖಣ. ಒಳಗೆ ಬನ್ನಿ ಎಂದು ಕೈಹಿಡಿದೆ. ಅವರು ಕೈ ಬಿಡಿಸಿಕೊಂಡರು.

"ಒಳಗ ಬರಂಗಿಲ್ರಿ ಅಕ್ಕೋರ. ನಿನ್ನಿ ಕಡಿಗಿ ಆಗೇನಿ. ಹೊಸಾ ಮನಿ, ಬ್ಯಾಡ."

"ಭಾಳ ಹೊಂಟೈತೇನ್ರಿ?"

"ಹೊಂಟೈತಿ. ನಿಲ್ತೈತಿ ಬಿಡ್ರಿ. ನಿಮ್ಮ ಪೂಜಿ ಸುಸೂತ್ರ ಆತಲ್ಲ?"

ನಾನು ಎರಡು ಹೋಳಿಗೆ ತಂದು ಗೇಟಿನ ಹೊರಗೇ ಕೊಟ್ಟೆ. ಅವರ ಗುಳಿಗೆ ನುಂಗಿ ಶುದ್ಧಳಾಗಿ ನಾನು ಒಳಗೆ, ಗುಳಿಗೆ ಕೊಟ್ಟು ರಕ್ತ ಸುರಿಯುತ್ತ ಅವರು ಹೊರಗೆ. ಆವತ್ತೇ ಅವರನ್ನು ಆಟೋದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಪಂಕ್ತಿಯಲ್ಲಿ ಬಡಿಸುವವರು ಕಡಿಮೆ ಇದ್ದರು, ನಾನು ಒಳಗೆ ಓಡಿದೆ. ಇಂದಿಗೂ ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕುವಾಗ ಆ ಜಾಗವನ್ನು ನಾನು ತುಳಿಯುವುದಿಲ್ಲ.

ಸೋಮವಾರ ಅವರು ಡ್ಯೂಟಿಗೆ ಬಂದಿದ್ದರು. ಊರು ದಾಟಿ ಎರಡನೆಯ ಸ್ಟಾಪಿನಲ್ಲಿ ಸೀಟಿ ಊದಲು ಕೈಯೆತ್ತಿದವರು ಹಾಗೆಯೇ ಕುಸಿದರು. ಖಾಜಾಸಾಬರು ಯಾರನ್ನೂ ಕೇಳಲಿಲ್ಲ, ಬಸ್ಸನ್ನು ತಿರುಗಿಸಿ ತುಂಬಿದ ಜನರ ಸಮೇತ ಕುಷ್ಟಗಿ ದವಾಖಾನೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಅಲ್ಲಿಂದ ಅವರನ್ನು ಕೊಪ್ಪಳಕ್ಕೆ ಕಳಿಸಿದರು.

ಮರುದಿನ ಶಾಲೆ ಬಿಟ್ಟ ಮೇಲೆ ಹೋದೆ. ಕೈಗೆ ರಕ್ತ ಏರಿಸುತ್ತಿದ್ದರು. ಮಗ್ಗುಲಲ್ಲಿ ಅಕ್ಕ ರೇಣವ್ವ ಕೂತಿದ್ದರು. ಡಾಕ್ಟರಮ್ಮ ಬಂದರು. ಆ ಟಿಕೆಟ್ ತುಂಡುಗಳು ಅವರ ಕೈಯಲ್ಲಿದ್ದವು.

"ಎಲ್ಲಾ ಇಷ್ಟು ಛಂದ ಬರದೀರಿ. ಹೋದ ಸೋಮವಾರದಿಂದ ಯಾಕ ಗುಳಿಗಿ ತಗೊಂಡಿಲ್ಲ?"

ಹುಲಿಗೆಮ್ಮ ನನ್ನ ಕಡೆ ನೋಡಲಿಲ್ಲ. "ಕಳಕೊಂಡೆ ರೀ. ಬಸ್ಸಿನ್ಯಾಗ ಎಲ್ಲೋ ಬಿದ್ದು ಹ್ವಾದ್ವು."

"ಮತ್ತ ತಗೋಬೇಕಿತ್ತಲ್ರಿ! ಕಲತಾಕಿ ಇದ್ದು ಇಷ್ಟು ನಿಷ್ಕಾಳಜಿ ಮಾಡಿದ್ರ ಹ್ಯಾಂಗ?"

"ತಪ್ಪಾತ್ರಿ" ಎಂದರು ಹುಲಿಗೆಮ್ಮ.

ನಾನು ಎಳನೀರು ಹಿಡಿದು ನಿಂತಿದ್ದೆ. ಗುಳಿಗೆ ಇಸಿದುಕೊಂಡವಳು ನಾನೆಂದು ಆಗಲೇ ಹೇಳಬೇಕಿತ್ತು. ರೇಣವ್ವ ಎದುರಿಗಿದ್ದರು, ನಾನು ಊರಿನ ಶಿಕ್ಷಕಿ. ಹೇಳಲಿಲ್ಲ. ಡಾಕ್ಟರಮ್ಮ ಹೋದ ಮೇಲೆ ಹುಲಿಗೆಮ್ಮ ನನ್ನ ಬೆರಳು ಹಿಡಿದು, "ಸುಮ್ನಿರ್ರಿ ಅಕ್ಕೋರ, ಅಳಬ್ಯಾಡ್ರಿ, ಎಲ್ಲಾರೂ ನೋಡ್ತಾರ" ಎಂದರು. ಅದೇ ನಮ್ಮ ಕೊನೆಯ ಮಾತು. ಬಹಳ ದಿನದಿಂದ ರಕ್ತವಿಲ್ಲದೆ ದುಡಿದಿದ್ದ ಹೃದಯ, ಮರುದಿನ ಮಧ್ಯಾಹ್ನ ನಿಂತುಹೋಯಿತು.

ಆಮೇಲೆ ಒಂದು ಮಾತು ಊರೂರಿಗೆ ಹಬ್ಬಿತು. ರೇಣವ್ವ ಹೇಳಿದರು, ಡಿಪೋದವರು ಹೇಳಿದರು, ಬಸ್ಸಿನ ಹೆಂಗಸರು ಹೇಳಿದರು: ಪಾಪ, ಗುಳಿಗೆ ಕಳೆದುಕೊಂಡು ನಿಷ್ಕಾಳಜಿ ಮಾಡಿಕೊಂಡಳು. ಎರಡು ವರ್ಷ ನಾನು ಅದನ್ನು ಕೇಳಿಸಿಕೊಂಡು, ತಲೆಯಾಡಿಸಿ, ಕಿಟಕಿಯ ಹೊರಗೆ ನೋಡುತ್ತ ಬಂದೆ.

ಕಳೆದ ವಾರ ನಾನು ಡ್ರೈವರ್ ಹಿಂದಿನ ಸೀಟಿನಲ್ಲಿದ್ದೆ. ಯಾರೋ ಹುಲಿಗೆಮ್ಮನ ಮಾತು ತೆಗೆದರು. ಖಾಜಾಸಾಬರು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ, "ಅಂಥಾ ಕಂಡಕ್ಟರ್ ಇನ್ನ ಸಿಗಂಗಿಲ್ಲ. ಖರೆ, ತನ್ನ ಜಾನದ ಕಾಳಜಿ ಮಾಡ್ಲಿಲ್ಲ. ಗುಳಿಗಿ ಕಳಕೊಂಡು ಕುಂತ್ಲು" ಎಂದರು.

"ಖಾಜಾಸಾಬ್ರ," ಎಂದೆ. "ಅವ್ರು ಕಳಕೊಂಡಿರಲಿಲ್ರಿ. ನಾ ಇಸಗೊಂಡಿದ್ದೆ. ನಮ್ಮ ಮನಿ ಶಾಂತಿಗೆ."

ಮೇಲಿನ ಕನ್ನಡಿಯಲ್ಲಿ ಅವರ ಕಣ್ಣುಗಳು ನನ್ನನ್ನು ಹುಡುಕಿದವು. ಆಮೇಲೆ ರಸ್ತೆಗೆ ಮರಳಿದವು. ಎರಡು ಊರು ದಾಟಿದವು. ಬಸ್ಸು ನನ್ನ ಹಳ್ಳಿಯ ಕಟ್ಟೆಯ ಹತ್ತಿರ ನಿಂತಿತು. ನನಗೆ ಏಳಲಾಗಲಿಲ್ಲ.

"ನಿಮ್ಮ ಸಾಲಿ ಬಂತ್ರಿ ಅಕ್ಕೋರ," ಎಂದರು ಖಾಜಾಸಾಬರು, ತಿರುಗಿ ನೋಡದೆ. "ಇಳೀರಿ."