ಕಲ್ಲಿನ ಅಡಿ ನೋಡಿದ ಮಕ್ಕಳು

ಕೊರೊನಾ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ಮರುವರ್ಷ ನಾನು ಹಳಿಯಾಳ ತಾಲ್ಲೂಕಿನಲ್ಲಿ, ದಾಂಡೇಲಿ ಕಡೆಗಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ಅಷ್ಟು ವರ್ಷಗಳ ಸೇವೆಯಲ್ಲಿ ನನಗೆ ಸಾಕುಸಾಕಾಗಿದ್ದ ವಸ್ತು ಎಂದರೆ ಥರ್ಮಾಕೋಲ್ ಜ್ವಾಲಾಮುಖಿ. ಕಾಡು, ಹಳ್ಳ, ಮಂಗಟ್ಟೆ ಹಕ್ಕಿ ಎಲ್ಲವೂ ಕಿಟಕಿಯಾಚೆಗೇ ಇರುವ ಊರಿನ ಮಕ್ಕಳು ಪ್ರತಿ ವರ್ಷ ವಿಜ್ಞಾನ ಮೇಳಕ್ಕೆ ತಾವೆಂದೂ ಕಾಣದ ಜ್ವಾಲಾಮುಖಿಯನ್ನು ಹೊತ್ತುಕೊಂಡು ಹೋಗಿ, ಅಡುಗೆ ಸೋಡಾ ಸುರಿದು ನೊರೆ ಉಕ್ಕಿಸಿ, ಪ್ರಮಾಣಪತ್ರ ಹಿಡಿದುಕೊಂಡು ಬರುತ್ತಿದ್ದರು. ಈ ಸಲ ಜ್ವಾಲಾಮುಖಿ ತಂದವರನ್ನು ಬಸ್ಸು ಹತ್ತಿಸುವುದಿಲ್ಲ ಎಂದು ಜೂನ್ ತಿಂಗಳಲ್ಲೇ ಹೇಳಿಬಿಟ್ಟಿದ್ದೆ.

ದಸರಾ ರಜೆ ಮುಗಿದ ವಾರವೇ ಊರ ಹಳ್ಳದ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಮಳೆ ತಗ್ಗಿ ನೀರು ತಿಳಿಯಾಗಿದ್ದ ಕಾಲ. ದಂಡೆಯಲ್ಲಿ ಏಡಿಗಳೂ ಸತ್ತು ಬಿದ್ದಿದ್ದವು. ಊರಿನ ದನಗಳು ಅದೇ ನೀರು ಕುಡಿಯುತ್ತಿದ್ದುದರಿಂದ ಎಲ್ಲರಿಗೂ ದಿಗಿಲಾಯಿತು. ತಪ್ಪು ಯಾರದು ಎಂಬುದು ಮಾತ್ರ ಅಂದು ಸಂಜೆಯೊಳಗೇ ತೀರ್ಮಾನವಾಗಿಹೋಯಿತು. ಹಳ್ಳದ ಮೇಲ್ಭಾಗದಲ್ಲಿ ರಾಫ್ಟಿಂಗಿಗೆ ಬರುವ ಪ್ರವಾಸಿಗರಿಗಾಗಿ ಹೊಸದಾಗಿ ಒಂದು ಹೋಂಸ್ಟೇ ಎದ್ದಿತ್ತು. ಅದರ ಅಡುಗೆಮನೆ ನೀರು ಪೈಪಿನಲ್ಲಿ ಬಂದು ನೇರ ಹಳ್ಳಕ್ಕೇ ಬೀಳುತ್ತಿತ್ತು.

ಮರುದಿನ ಫಕ್ಕೀರಪ್ಪನವರು ಶಾಲೆಗೆ ಬಂದರು. ಅವರು ನಮ್ಮ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಪಾಲಕರ ಸಮಿತಿಯ ಅಧ್ಯಕ್ಷರು. ಊರಲ್ಲಿ ಅವರ ಮಾತು ನಡೆಯುತ್ತಿತ್ತು. ನಡೆಯಬೇಕಾದ ಮನುಷ್ಯರೂ ಹೌದು. ಮುಂದಿನ ವಾರ ಊರವರೆಲ್ಲ ಹೋಗಿ ಹೋಂಸ್ಟೇ ಗೇಟಿಗೆ ಬೀಗ ಜಡಿಯುವುದೆಂದು ನಿಶ್ಚಯವಾಗಿದೆ, ಅದಕ್ಕೆ ಮೊದಲು ಶಾಲೆಯ ಮಕ್ಕಳಿಂದ ಒಂದು ವರದಿ ಬೇಕು ಎಂದರು.

“ಹೋಂಸ್ಟೇ ನೀರಿನಿಂದನ ಮೀನ ಸತ್ತಾವು ಅಂತ ಮಕ್ಕಳ ಕಡೆಯಿಂದ ಬರಸ್ರಿ ಟೀಚರ್. ಮಕ್ಕಳು ಬರದ್ರ ಯಾರೂ ಇಲ್ಲ ಅನ್ನೂದಿಲ್ಲ.”

ಪರೀಕ್ಷೆಗೆ ಮೊದಲೇ ಫಲಿತಾಂಶ ಕೈಗಿಟ್ಟ ಪಾಲಕರನ್ನು ನಾನು ಮೊದಲೂ ನೋಡಿದ್ದೆ, ಆದರೆ ಅದು ಎಸ್ಸೆಸ್ಸೆಲ್ಸಿ ವಿಷಯದಲ್ಲಿ. ಮಕ್ಕಳು ನೋಡಿ ಏನು ಸಿಗುತ್ತದೋ ಅದನ್ನೇ ಬರೆಯುತ್ತಾರೆ ಎಂದೆ. ಬೇರೆ ಏನು ಸಿಕ್ಕೀತು ಎಂದು ನಕ್ಕು ಅವರು ಹೊರಟರು.

ತಂಡ ಮಾಡುವಾಗ ಒಂಬತ್ತನೇ ತರಗತಿಯ ಸಲೋಮಿಯನ್ನು ಬೇಕೆಂದೇ ಬಿಟ್ಟಿದ್ದೆ. ಸಿದ್ದಿಯರ ಕೇರಿಯಿಂದ ಬರುತ್ತಿದ್ದ ಹುಡುಗಿ, ಪ್ರಶ್ನೆ ಕೇಳಿ ಕೇಳಿ ನನ್ನ ಪಾಠವನ್ನು ಅರ್ಧಕ್ಕೇ ನಿಲ್ಲಿಸುವವಳು. ಅವಳ ತಾಯಿ ರೋಸಾಬಾಯಿ ಆ ಹೋಂಸ್ಟೇಯಲ್ಲೇ ಅಡುಗೆಗೆ ಇದ್ದಳು. ತಂದೆ ಗೋವಾದಲ್ಲಿ ದುಡಿಯಲು ಹೋದವನು ಯಾವಾಗಲೋ ಒಮ್ಮೆ ಬರುತ್ತಿದ್ದ. ಮನೆ ನಡೆಯುತ್ತಿದ್ದುದು ತಾಯಿಯ ಆ ಕೆಲಸದ ಮೇಲೆ. ಗೇಟಿಗೆ ಬೀಗ ಬಿದ್ದರೆ ಅವಳ ಒಲೆಯೂ ಆರುತ್ತಿತ್ತು. ಆ ಹುಡುಗಿಯ ಕೈಯಿಂದಲೇ ಆ ಪರೀಕ್ಷೆ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ಆದರೆ ಊಟದ ಬಿಡುವಿನಲ್ಲಿ ಅವಳೇ ಬಂದು ನಿಂತಳು.

“ನಮ್ಮವ್ವ ಪಾತ್ರಿ ತೊಳದ ನೀರ ಹಳ್ಳಕ್ಕ ಹೋಗ್ತೈತ್ರಿ. ಮೀನ ಅದರಿಂದ ಸತ್ತಾವೋ ಇಲ್ಲೋ, ನನಗ ಗೊತ್ತಾಗಬೇಕ್ರಿ ಟೀಚರ್.”

ಸೇರಿಸಿಕೊಂಡೆ. ಫಕ್ಕೀರಪ್ಪನವರ ಮೊಮ್ಮಗ ಮಂಜುನಾಥನೂ ತಂಡದಲ್ಲಿದ್ದ.

ನಮ್ಮ ಪ್ರಯೋಗಾಲಯ ಎಂದರೆ ಒಂದು ಕಪಾಟು. ಅದರಲ್ಲಿದ್ದ ಪಿಎಚ್ ಕಾಗದವನ್ನು ಹಳ್ಳದ ಎಲ್ಲ ಕಡೆಯ ನೀರಿಗೂ ಅದ್ದಿ ನೋಡಿದೆವು. ಎಲ್ಲ ಕಡೆಯೂ ಒಂದೇ ಬಣ್ಣ. ನೀರು ಹುಳಿಯೋ ಕ್ಷಾರವೋ ಎಂದಷ್ಟೇ ಹೇಳುವ ಆ ಕಾಗದಕ್ಕೆ ವಿಷದ ಗೊಡವೆ ಇಲ್ಲ. ಮಕ್ಕಳ ಮುಖ ಸಪ್ಪಗಾಯಿತು. ಆಗ ನಾನು ಕಾಲೇಜಿನಲ್ಲಿ ಕಲಿತಿದ್ದ ಒಂದು ವಿಧಾನವನ್ನು ಹೊರತೆಗೆದೆ. ಹರಿಯುವ ನೀರಿನ ಕಲ್ಲುಗಳ ಅಡಿಯಲ್ಲಿ ಸಣ್ಣ ಹುಳುಗಳು ಬದುಕುತ್ತವೆ. ಕೆಲವು ಶುದ್ಧ ನೀರಿನಲ್ಲಿ ಮಾತ್ರ ಇರುತ್ತವೆ, ಕೆಲವು ಕೊಳಕನ್ನೂ ತಾಳಿಕೊಳ್ಳುತ್ತವೆ. ಇವನ್ನು ಸೂಚಕ ಜೀವಿಗಳು ಎನ್ನುತ್ತಾರೆ. ನೀರು ಹರಿದುಹೋಗುತ್ತದೆ, ಹುಳು ಅಲ್ಲೇ ಇರುತ್ತದೆ. ಆದ್ದರಿಂದ ನಿನ್ನೆ ಮೊನ್ನೆ ಏನಾಯಿತು ಎಂಬುದಕ್ಕೆ ಅದೇ ಸಾಕ್ಷಿ.

ಕಲ್ಲು ತಿರುಗಿಸುವುದು ಎಂದ ಮೇಲೆ ಕೇಳಬೇಕೆ? ಮಕ್ಕಳು ಚಪ್ಪಲಿ ಬಿಟ್ಟು ನೀರಿಗಿಳಿದರು. ಕಾಡಿನಂಚಿನಲ್ಲಿ, ಹೋಂಸ್ಟೇಗಿಂತ ಮೇಲೆ, ಪ್ರತಿ ಕಲ್ಲಿನಡಿಯಲ್ಲೂ ಜಾತ್ರೆ ನೆರೆದಿತ್ತು. ಮೂರು ಬಾಲದ ಹುಳುಗಳು, ಮರಳಿನ ಕಣ ಅಂಟಿಸಿ ಮೈಸುತ್ತ ಗೂಡು ಕಟ್ಟಿಕೊಂಡ ಹುಳುಗಳು, ಏಡಿಮರಿಗಳು. ಅಷ್ಟು ವರ್ಷ ಅದೇ ಹಳ್ಳದಲ್ಲಿ ಈಜಾಡಿದ್ದ ಮಕ್ಕಳು ಅವನ್ನು ಅಂದೇ ಮೊದಲ ಬಾರಿ ನೋಡಿದ್ದು. ಹೋಂಸ್ಟೇ ಪೈಪಿನ ಕೆಳಗೆ ಕಲ್ಲುಗಳೆಲ್ಲ ಜಿಡ್ಡು, ಅಡಿಯಲ್ಲಿ ಕೊಳಕು ತಾಳುವ ಕೆಂಪು ಹುಳುಗಳು ಮಾತ್ರ. ಸಲೋಮಿ ಅಲ್ಲಿ ನಿಲ್ಲಲಿಲ್ಲ. ಕೆಳಗೆ ಕೆಳಗೆ ನಡೆಯುತ್ತ ಒಂದೊಂದೇ ಕಲ್ಲು ಎತ್ತಿದಳು. ಸ್ವಲ್ಪ ದೂರ ಹೋದ ಮೇಲೆ ಅವಳೇ ನಮ್ಮನ್ನು ಕೂಗಿ ಕರೆದಳು. ಅಲ್ಲಿ ಶುದ್ಧ ನೀರು ಬೇಡುವ ಆ ಮೂರು ಬಾಲದ ಹುಳುಗಳು ಮತ್ತೆ ಬಂದಿದ್ದವು.

ಇನ್ನೂ ಕೆಳಗೆ, ರಸ್ತೆಯ ಸೇತುವೆ ದಾಟಿದ ಮೇಲೆ, ಏನೂ ಇರಲಿಲ್ಲ. ಕೆಂಪು ಹುಳುವೂ ಇಲ್ಲ. ಅಲ್ಲಿಂದ ಮೀನು ಸತ್ತ ಮಡುವಿನವರೆಗೂ ಕಲ್ಲುಗಳ ಅಡಿ ತೊಳೆದಿಟ್ಟ ಹಾಗೆ ಖಾಲಿ. ಹೋಂಸ್ಟೇ ನೀರೇ ವಿಷವಾಗಿದ್ದರೆ ನಡುವೆ ಹುಳುಗಳು ಹೇಗೆ ಬದುಕಿದವು? ಈ ಪ್ರಶ್ನೆ ಮಕ್ಕಳನ್ನು ಹಿಡಿದುಕೊಂಡಿತು, ನಿಜ ಹೇಳಬೇಕೆಂದರೆ ನನ್ನನ್ನೂ. ಸೇತುವೆಯ ಮೇಲೆ ಕೂತು ತಲೆ ಕೆಡಿಸಿಕೊಳ್ಳುತ್ತಿರುವಾಗಲೇ ಇಬ್ಬರು ರೈತರು ಹತ್ತಿ ಹೊಲಕ್ಕೆ ಔಷಧಿ ಹೊಡೆದು ಬಂದರು. ಬೆನ್ನ ಮೇಲಿನ ಪಂಪು ಇಳಿಸಿ, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಿ, ಪಂಪನ್ನು ಚೆನ್ನಾಗಿ ಜಾಲಿಸಿ, ನಮಗೆ ನಮಸ್ಕಾರ ಹೇಳಿ ಹೋದರು.

ಮಂಜುನಾಥನ ಮುಖ ಕಪ್ಪಿಟ್ಟಿತು. “ಇಲ್ಲೇ ತೊಳೀಬೇಕು ಅಂತ ನಮ್ಮಜ್ಜನ ಹೇಳ್ಯಾನ್ರಿ” ಎಂದ.

ಅದರ ಹಿಂದಿನ ಕಥೆ ಅವನಿಂದಲೇ ತಿಳಿಯಿತು. ಕೆಲ ವರ್ಷಗಳ ಹಿಂದೆ ಯಾರೋ ಪಂಪು ತೊಳೆದ ಬಕೆಟ್ಟಿನ ನೀರು ಕುಡಿದು ಒಂದು ಕರು ಸತ್ತಿತ್ತು. ಆಗ ಫಕ್ಕೀರಪ್ಪನವರು ಊರನ್ನು ಸೇರಿಸಿ, ಬೋರ್‌ವೆಲ್ ಹತ್ತಿರ, ದನದ ತೊಟ್ಟಿ ಹತ್ತಿರ ಯಾರೂ ಪಂಪು ತೊಳೆಯಕೂಡದು, ಸೇತುವೆ ಕೆಳಗಿನ ಹರಿಯುವ ನೀರಿಗೆ ಒಯ್ಯಬೇಕು ಎಂದು ಕಟ್ಟುನಿಟ್ಟು ಮಾಡಿದ್ದರು. ಹರಿಯುವ ನೀರು ಎಂಥ ಹೊಲಸನ್ನೂ ಕೊಂಡೊಯ್ಯುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಊರು ಆ ಮಾತನ್ನು ನಿಷ್ಠೆಯಿಂದ ಪಾಲಿಸಿತ್ತು. ಎಲ್ಲರ ಪಂಪೂ ಒಂದೇ ಜಾಗದಲ್ಲಿ, ಹತ್ತಿಗೆ ಔಷಧಿ ಹೊಡೆಯುವ ಒಂದೇ ಕಾಲದಲ್ಲಿ, ಈ ಸಲ ಬೇಗನೆ ನೀರು ಇಳಿದ ಹಳ್ಳದಲ್ಲಿ. ಆ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸದ ಊರಾಗಿದ್ದರೆ ಬಹುಶಃ ಇಷ್ಟು ಮೀನು ಸಾಯುತ್ತಿರಲಿಲ್ಲ.

ಒಂದೇ ಕಡೆ ನೋಡಿ ಹೇಳಬಾರದು ಎಂದು ಮಕ್ಕಳನ್ನು ಪಕ್ಕದ ಊರಿನ ಹಳ್ಳಕ್ಕೂ ಕರೆದುಕೊಂಡು ಹೋದೆ. ಅಲ್ಲಿ ಹೋಂಸ್ಟೇ ಇರಲಿಲ್ಲ, ಪಂಪು ತೊಳೆಯುವ ಜಾಗ ಇತ್ತು. ಅದರ ಕೆಳಗೂ ಕಲ್ಲಿನಡಿ ಬರಿದು.

ಬೀಗ ಹಾಕಲು ಗೊತ್ತುಮಾಡಿದ್ದ ದಿನದ ಮುನ್ನಾದಿನ ಊರವರನ್ನು ಹಳ್ಳಕ್ಕೇ ಕರೆದೆವು. ಮೇಲಿನ ದಾರಿಯಲ್ಲಿ ಹೋಗುವಾಗ ನಾನು ಸಲೋಮಿಯನ್ನು ಬದಿಗೆ ಕರೆದು, ಸೇತುವೆಯ ವಿಷಯ ಹೇಳಿದರೆ ಸಾಕು, ಪೈಪಿನ ಹತ್ತಿರದ ಜಿಡ್ಡಿನ ಮಾತು ಇವತ್ತು ಬೇಡ ಎಂದೆ. ಹೇಗೂ ಮೀನು ಸತ್ತದ್ದು ಅದರಿಂದ ಅಲ್ಲ, ಜನ ಸಿಟ್ಟಿನಲ್ಲಿದ್ದಾರೆ, ತಾಯಿಯ ಕೆಲಸ ಉಳಿಯಲಿ ಎಂಬುದು ನನ್ನ ಲೆಕ್ಕ. ಅವಳು ತಲೆ ತಗ್ಗಿಸಿ ಕೇಳಿದಳು.

“ಹಂಗಾದ್ರ ಅರ್ಧಾ ಹೇಳಿದಂಗ ಆಗ್ತೈತಲ್ರೀ ಟೀಚರ್?”

ಅಷ್ಟರಲ್ಲಿ ಪೈಪಿನ ಹತ್ತಿರ ಬಂದಿದ್ದೆವು. ಜನರ ನಡುವೆ ರೋಸಾಬಾಯಿಯೂ ಸೆರಗು ಬಿಗಿಹಿಡಿದು ನಿಂತಿದ್ದಳು. ಸಲೋಮಿ ಮೊದಲು ಪೈಪಿನ ಕೆಳಗಿನ ಕಲ್ಲನ್ನೇ ಎತ್ತಿ, ಜಿಡ್ಡು ತೋರಿಸಿ, ಈ ನೀರು ಹಳ್ಳಕ್ಕೆ ಬರಬಾರದು, ಇದರಿಂದ ಇಲ್ಲಿ ಒಳ್ಳೆಯ ಹುಳುಗಳು ಸತ್ತಿವೆ ಎಂದಳು. ಗುಂಪಿನಲ್ಲಿ ಗದ್ದಲ ಎದ್ದಿತು, ನಾವು ಹೇಳಿರಲಿಲ್ಲವೇ ಎಂದು. ಅವಳು ಗದ್ದಲ ಇಳಿಯುವವರೆಗೆ ಕಾದು, ಎಲ್ಲರನ್ನೂ ಕೆಳಗೆ ಕರೆದೊಯ್ದು, ಬದುಕಿದ ಹುಳುಗಳನ್ನು ತೋರಿಸಿದಳು. ಸೇತುವೆ ದಾಟಿದ ಮೇಲೆ ತಾನು ಏನೂ ಹೇಳದೆ, ನೀವೇ ಎತ್ತಿ ನೋಡಿ ಎಂದು ಫಕ್ಕೀರಪ್ಪನವರಿಗೆ ಬಿಟ್ಟಳು. ಅವರು ಪಂಚೆ ಮೇಲೆ ಕಟ್ಟಿ ನೀರಿಗಿಳಿದರು. ಒಂದು ಕಲ್ಲು, ಇನ್ನೊಂದು, ಮತ್ತೊಂದು. ಮಂಜುನಾಥ ಪಕ್ಕದಲ್ಲಿ ನಿಂತು ಮೆಲ್ಲಗೆ ಪಂಪಿನ ವಿಷಯ ಹೇಳಿದ.

ಯಾರೋ ಒಬ್ಬ, ತಾಯಿಯ ಕೆಲಸ ಉಳಿಸಲು ಹುಡುಗಿ ಆಟ ಹೂಡಿದ್ದಾಳೆ ಎಂದ. ಫಕ್ಕೀರಪ್ಪನವರು ನೀರಿನಲ್ಲೇ ನಿಂತು ತಿರುಗಿದರು.

“ತಮ್ಮವ್ವ ದುಡಿಯೂ ಮನೀ ಹೊಲಸ ಮೊದಲ ತೋರಿಸ್ಯಾಳ. ನಮ್ಮ ಹೊಲಸಿನಾಗ ಸುಳ್ಳ ಹೇಳ್ತಾಳೇನು? ಇಲ್ಲಿ ತೊಳೀರಿ ಅಂತ ಹೇಳಿದಾಂವ ನಾನು.”

ಆ ಮೇಲೆ ಯಾರೂ ಬೀಗದ ಮಾತು ಎತ್ತಲಿಲ್ಲ. ಹೊಲದ ಬದುವಿನಲ್ಲಿ ನೀರಿನಿಂದ ದೂರ ಪಂಪು ತೊಳೆದು, ಆ ನೀರನ್ನು ಔಷಧಿ ಹೊಡೆದ ಬೆಳೆಗೇ ಹೊಡೆದು ಮುಗಿಸಬೇಕೆಂದು ಕೃಷಿ ಇಲಾಖೆಯವರು ಬಂದು ಹೇಳಿಕೊಟ್ಟರು. ಹೋಂಸ್ಟೇ ಮಾಲೀಕರಿಗೆ ಮಾತ್ರ ಸಿಟ್ಟು ಬಂದಿತ್ತು. ಕೆಲವು ದಿನ ರೋಸಾಬಾಯಿಯನ್ನು ಕೆಲಸಕ್ಕೆ ಕರೆಯಲಿಲ್ಲ. ಆ ದಿನಗಳಲ್ಲಿ ಸಲೋಮಿ ತರಗತಿಯಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ, ನನಗೆ ಪಾಠ ಮಾಡಲೇ ಬೇಸರವಾಗುತ್ತಿತ್ತು. ಕೊನೆಗೆ ಫಕ್ಕೀರಪ್ಪನವರೇ ನಾಲ್ಕು ಜನರನ್ನು ಕಟ್ಟಿಕೊಂಡು ಆ ಗೇಟಿಗೆ ಹೋದರು, ಬೀಗ ಹಿಡಿದಲ್ಲ, ಸಲಿಕೆ ಗುದ್ದಲಿ ಹಿಡಿದು. ಅಡುಗೆಮನೆ ನೀರಿಗೆ ಇಂಗುಗುಂಡಿ ತೋಡಿಕೊಟ್ಟು, ರೋಸಾಬಾಯಿಯನ್ನು ಮತ್ತೆ ಕೆಲಸಕ್ಕೆ ಕರೆಯುವ ಮಾತು ಪಡೆದೇ ಹಿಂದಿರುಗಿದರು.

ಈಗ ನಿವೃತ್ತಳಾಗಿದ್ದೇನೆ. ಆದರೂ ಸುತ್ತಲಿನ ಶಾಲೆಗಳ ವಿಜ್ಞಾನ ಮೇಳಕ್ಕೆ ತೀರ್ಪುಗಾರ್ತಿಯಾಗಿ ಕರೆಯುತ್ತಾರೆ. ಮಕ್ಕಳು ಗಿಳಿಪಾಠ ಒಪ್ಪಿಸಿ ಮುಗಿಸಿದ ಮೇಲೆ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತೇನೆ: ಸಿಗಬಾರದಿತ್ತು ಅನ್ನಿಸಿದ್ದು ಏನಾದರೂ ಸಿಕ್ಕಿತೇ? ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅಪರೂಪಕ್ಕೆ ಒಂದು ಮಗು ಶಿಕ್ಷಕರ ಮುಖವನ್ನೊಮ್ಮೆ ನೋಡಿ, ಹೌದು ಎನ್ನುತ್ತದೆ. ಆಗ ನಾನು ಪೆನ್ನು ಕೆಳಗಿಟ್ಟು, ಕುರ್ಚಿ ಮುಂದೆ ಎಳೆದುಕೊಂಡು ಕೇಳಲು ಕೂರುತ್ತೇನೆ.