ಪಾತ್ರೆ ಹಿಡಿಯುವ ಕೈ

ತೆರಕಣಾಂಬಿ ದಾಟಿ ಒಳಗೆ ಹೋದರೆ ಸಿಗುವ ನಮ್ಮೂರಲ್ಲಿ ಸೈರನ್ ಕೂಗಿದರೆ ಹೆಂಗಸರು ಓಡುವುದು ಬೀದಿಗಲ್ಲ, ಅಡುಗೆಮನೆಗೆ. ಊರ ಹಿಂದಿನ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸುವ ಮುಂಚೆ ಕೂಗುವ ಸೈರನ್ ಅದು. ನೆಲ ಒಂದು ಗುದ್ದು ತಿಂದು ಸುಮ್ಮನಾಗುವವರೆಗೆ ಪಾತ್ರೆ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು. ಗೋಡೆಯನ್ನು ಯಾರೂ ಹಿಡಿಯುತ್ತಿರಲಿಲ್ಲ. ಕ್ವಾರಿ ಪಕ್ಕಕ್ಕಿದ್ದ ದೊಡ್ಡಮ್ಮನ ಅಡುಗೆಮನೆ ಗೋಡೆಯಲ್ಲಂತೂ ಮದ್ದಿನ ಏಟಿಗೆ ನನ್ನ ಬೆರಳು ತೂರುವಷ್ಟು ಬಿರುಕಿತ್ತು.

ಆ ಭಾನುವಾರ ಕ್ವಾರಿಗೆ ರಜ. ಸೈರನ್ ಕೂಗಲಿಲ್ಲ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮನೆಯಡಿ ಲೋಡು ಲಾರಿ ಹಾದಂಥ ಗುಡುಗು, ಒಂದು ಅದುರು, ಅದರ ಹಿಂದೆಯೇ ನೆಲ ಅಡ್ಡಡ್ಡ ಓಲಾಡಿತು. ಮದ್ದು ಗುದ್ದುತ್ತದೆ, ಓಲಾಡಿಸುವುದಿಲ್ಲ. ಬೀದಿಗೆ ಹಾರಿದೆ.

"ದೊಡ್ಡಮ್ಮಾ, ಈಚೆಗ್ ಬಾ! ಭೂಕಂಪ!"

"ಇರಮ್ಮಿ, ಮದ್ದು ಕಣ! ಪಾತ್ರೆ ಹಿಡ್ಕಂಡಿವ್ನಿ!"

ಗೋಡೆ ಬಿತ್ತು. ಧೂಳಿನೊಳಗಿಂದ ಬಂದ ಕಿರುಚಾಟ ಮನುಷ್ಯರದ್ದೆಂದು ತಿಳಿಯಲೇ ಸ್ವಲ್ಪ ಹೊತ್ತಾಯಿತು. ದೊಡ್ಡಪ್ಪ, ನಾನು ಉಗುರು ಕಿತ್ತುಬರುವಂತೆ ಕಲ್ಲು ಎಳೆದೆವು. ದೊಡ್ಡಮ್ಮನ ಬಲಗೈ ಸ್ಟ್ಯಾಂಡಿಗೂ ಕಲ್ಲಿಗೂ ನಡುವೆ ಜಜ್ಜಿಹೋಗಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಹೆಬ್ಬೆರಳು ಮಾತ್ರ ಉಳಿಸಿದರು.

ಅವಳನ್ನು ಮನೆಗೆ ಕರೆತಂದ ದಿನವೇ ಕ್ವಾರಿ ಮ್ಯಾನೇಜರು ಇಬ್ಬರು ಹುಡುಗರನ್ನು ಕಟ್ಟಿಕೊಂಡು ಬಂದ. ಬೀದಿಗೆಲ್ಲ ಕೇಳುವಂತೆ ಹೇಳಿದ: "ಟೀವೀಲೇ ಹೇಳವ್ರೆ, ಭೂಕಂಪ. ಭೂಮ್ತಾಯಿ ಮೈ ಕೊಡವುದ್ರೆ ನಾವೇನ್ ಮಾಡನ? ಇನ್ಮೇಲೆ ಬಿರುಕು ಬಿರುಕು ಅಂತ ಯಾರೂ ಕ್ವಾರಿತಕೆ ಬರಂಗಿಲ್ಲ. ನಾಳೆಯಿಂದ ಕೆಲ್ಸ ಸುರು."

ಎದುರಾಳಿ ಅರ್ಧ ಸತ್ಯ ಹೇಳಿದಾಗ ಮೊದಲು ಆ ಅರ್ಧವನ್ನು ಒಪ್ಪಿಬಿಡಬೇಕು, ಕತ್ತು ಹಿಡಿಯುವುದು ಆಮೇಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಅದನ್ನೇ. ಒಪ್ಪಿದೆ. ಹೌದು, ಭೂಕಂಪವೇ. ನಾವು ನಿಂತಿರುವ ಭೂಫಲಕ ಉತ್ತರಕ್ಕೆ ಸರಿಯುತ್ತಾ ಹಿಮಾಲಯದ ಬುಡದಲ್ಲಿ ಇನ್ನೊಂದು ಫಲಕವನ್ನು ಗುದ್ದುತ್ತಲೇ ಇದೆ. ಆ ಒತ್ತಡ ನಮ್ಮ ಹಳೆಯ ಬಂಡೆಯೊಳಗೂ ತುಂಬಿಕೊಳ್ಳುತ್ತದೆ. ಎಂದೋ ಒಡೆದ ಒಂದು ಸೀಳು ತಡೆಯಲಾರದೆ ಜಾರುತ್ತದೆ, ನೆಲ ನಡುಗುತ್ತದೆ. ನಮ್ಮ ಕಡೆ ಇದು ಅಪರೂಪ, ಸಣ್ಣದು.

"ಅಷ್ಟು ಸಣ್ಣ ನಡುಕಕ್ಕೆ ಆಚೆ ಬೀದೀಲಿ ಒಂದು ಹೆಂಚೂ ಜಾರಿಲ್ಲ. ಬಿದ್ದಿದ್ದು ಕ್ವಾರಿ ಪಕ್ಕದ ಗೋಡೇನೇ ಯಾಕೆ? ಬೀಳ್ಸಿದ್ದು ಭೂಮಿ, ಸರಿ. ಸಡ್ಲ ಮಾಡಿ ಇಟ್ಟಿದ್ದು ಯಾರು?"

"ಕಾಲೇಜ್ ಓದ್ಬುಟ್ಟು ನಮ್ಗೇ ಪಾಠ ಮಾಡೀಯಾ?"

"ಪಾಠ ಅಲ್ಲ ಸಾರ್, ಪ್ರಶ್ನೆ. ಉತ್ರ ಹೇಳಿ."

ಅವನು ನನ್ನ ಭುಜಕ್ಕೆ ಕೈ ಹಾಕಿ ತಳ್ಳಿದ. ದೊಡ್ಡಪ್ಪ ಹಾರೆ ಎತ್ತಿಕೊಂಡು ಬಂದು ಅವನ ಬೈಕಿನ ಹೆಡ್‌ಲೈಟು ಪುಡಿ ಮಾಡಿದ. ಹುಡುಗರಿಬ್ಬರೂ ದೊಡ್ಡಪ್ಪನನ್ನು ನೆಲಕ್ಕೆ ಕೆಡವಿ ಒದ್ದರು. ಪಕ್ಕೆಗೆ, ಮುಖಕ್ಕೆ, ಬೂಟುಗಾಲಲ್ಲಿ. ಬೀದಿಯ ಜನ ಕೂಗಿಕೊಂಡು ಬರುವ ಹೊತ್ತಿಗೆ ಮೂಗು ಒಡೆದು ಅಂಗಿ ತೊಯ್ದಿತ್ತು. ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಅಷ್ಟೇ.

ಮರುದಿನ ಸೈರನ್ ಕೂಗಿತು. ದೊಡ್ಡಮ್ಮ ಬ್ಯಾಂಡೇಜಿನ ಕೈಯನ್ನು ಎದೆಗವಚಿ ಅಂಗಳದಲ್ಲಿ ಕೂತಿದ್ದಳು. ಸೊಟ್ಟಗಾಗಿದ್ದ ಸ್ಟ್ಯಾಂಡನ್ನು ಉಳಿದ ಗೋಡೆಗೆ ಒರಗಿಸಿ, ಪಾತ್ರೆ ತೊಳೆದು ಜೋಡಿಸಿದ್ದೆವು. ಆ ಗೋಡೆಯಲ್ಲೂ ಬಿರುಕಿತ್ತು. ಫಲಕ, ಒತ್ತಡ, ಸೀಳು ಎಲ್ಲ ಬಾಯಿಪಾಠವಿದ್ದ ನಾನು ಎದ್ದು ಒಳಗೆ ಓಡಿ ಎರಡೂ ಕೈಯಲ್ಲಿ ಸ್ಟ್ಯಾಂಡು ಒತ್ತಿ ಹಿಡಿದಿದ್ದೆ.

ಹಿಂದಿನಿಂದ ಯಾರೋ ಜಡೆ ಹಿಡಿದು ಜಗ್ಗಿದರು.

"ಬುಡೇ! ಹಾಳಾಗೋಗ್ಲಿ, ಬುಡು ಅಂದ್ರೆ!"

ಎಡಗೈ ಒಂದರಲ್ಲೇ ದೊಡ್ಡಮ್ಮ ನನ್ನನ್ನು ಹೊಸಿಲಾಚೆ ದರದರ ಎಳೆದು ಅಂಗಳಕ್ಕೆ ಕೆಡವಿದಳು. ಮೊಣಕಾಲು ತರಚಿಹೋಯಿತು. ನೆಲ ಗುದ್ದಿತು. ಒಳಗೆ ಪಾತ್ರೆಗಳೆಲ್ಲ ಒಂದರ ಮೇಲೊಂದು ಉರುಳಿದವು. ಕೊನೆಯ ತಟ್ಟೆ ಗಿರಗಿರ ಸುತ್ತಿ ನಿಲ್ಲುವವರೆಗೂ ಅವಳು ನನ್ನ ಜಡೆ ಬಿಡಲಿಲ್ಲ.