ಕೀಲೆಣ್ಣೆ ಹಚ್ಚಿದ ಬ್ರೇಕು

ಅಣ್ಣ ಎದುರಿಗೆ ನಿಂತು ಕೇಳಿದಾಗ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಕಾರು ಅಲ್ಲಿಯೇ ನಿಲ್ಲುತ್ತಿತ್ತು. ಹೆದರಿ "ಇಲ್ಲ" ಅಂದುಬಿಟ್ಟೆ.

ನಮ್ಮ ಆದವಾನಿಯನ್ನು ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದ ಹೊಸದು. ಅಣ್ಣ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದ. ನಾನು ಅದೇ ಮನೆಯಲ್ಲಿ ಅವರ ಮೊಮ್ಮಗನನ್ನು ಎತ್ತಿ ಆಡಿಸುತ್ತಿದ್ದೆ. ಬಂಡಿ ಹೊಡೆಯುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಅಣ್ಣನ ದುಡಿಮೆಯಿಂದಲೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಓದು ಬರಹ ಅಷ್ಟಕ್ಕಷ್ಟೆ, ಆದರೆ ಬಂಡಿಯ ಕೆಲಸ ಚೆನ್ನಾಗಿ ಗೊತ್ತಿತ್ತು. ಗಾಲಿ ಕಿರುಗುಟ್ಟಿದರೆ ಕೀಲೆಣ್ಣೆ ಹಚ್ಚಬೇಕು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ, ಬಂಡಿಯ ಕೆಳಗೆ ತೂಗುಹಾಕುವ ಕೆಲಸ ಚಿಕ್ಕಂದಿನಿಂದಲೂ ನನ್ನದೇ ಆಗಿತ್ತು.

ಆ ಸಲ ಹತ್ತಿ ಸುಗ್ಗಿಯಲ್ಲಿ ಕಾರಿನ ಮುಂದಿನ ಎಡಗಾಲಿ, ಬ್ರೇಕು ಒತ್ತಿದಾಗಲೆಲ್ಲ ಕಿರಚತೊಡಗಿತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮುಂದೆ ಬಂಡಿ ಬಿಟ್ಟುಕೊಂಡು ಕೂತವರಿಗೆ ಅದೊಂದು ತಮಾಷೆ.

"ಸಾಹುಕಾರ್ರು ಕಾರಿನ್ಯಾಗ ಹಂದಿ ಸಾಕ್ಯಾರಲೇ!"

"ಕೊಯ್ಯಾಕ ಒಯ್ಯಾಕತ್ತಾರೇನೋ, ಅದಕ್ಕ ಹಂಗ ಒದರತೈತಿ."

ಲಿಂಗಪೂಜೆಯಿಲ್ಲದೆ ಬಾಯಿಗೆ ನೀರು ಹಾಕದ ಮನೆ ಅದು. ಆ ಮಾತು ಸಾಹುಕಾರರ ಕಿವಿಗೂ ಬಿತ್ತು. ಮರುದಿನವೇ ಅವರ ಹೆಂಡತಿ, ನಾವೆಲ್ಲ ಅವ್ವಾರು ಅನ್ನುತ್ತಿದ್ದವರು, ಮೊಮ್ಮಗನನ್ನು ಕರೆದುಕೊಂಡು ಗಂಗೆಪೂಜೆಗೆ ನಾಗಲದಿನ್ನೆಯ ಹೊಳೆಗೆ ಹೋಗುವವರಿದ್ದರು.

"ಏಮಯ್ಯಾ," ಎಂದರು ಸಾಹುಕಾರರು ಅಣ್ಣನಿಗೆ, "ನಾಳೆ ಹೊಳಿಗೆ ಹೋಗಿ ಬರೂತನ ಅದು ಒಂದ್ ಸಲ ಒದರಿದ್ರೂ ಕೀಲಿ ಕಟ್ಟಿಮ್ಯಾಲಿಟ್ಟು ಮನಿಗೆ ನಡಿ. ಬಳ್ಳಾರಿಯಿಂದ ಬ್ಯಾರೆ ಡ್ರೈವರ್ನ ಕರಸ್ತೀನಿ."

ಸಂಜೆ ಅಣ್ಣ ಹಿತ್ತಲಲ್ಲಿ ಗಾಲಿ ಬಿಚ್ಚಿದ. ಅವನು ಡ್ರಮ್ಮು ಎನ್ನುತ್ತಿದ್ದುದು ನನ್ನ ಕಣ್ಣಿಗೆ ಕಬ್ಬಿಣದ ಬೋಗುಣಿಯಂತೆ ಕಂಡಿತು. ಅದರ ಒಳಮೈಯನ್ನು ಒತ್ತಿ ಹಿಡಿದು ಗಾಲಿ ನಿಲ್ಲಿಸುವ ಬಾಗಿದ ಪಟ್ಟಿಗಳನ್ನು ಉಪ್ಪುಕಾಗದದಿಂದ ತಿಕ್ಕಿದ, ಊದಿ ಧೂಳು ತೆಗೆದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂದು ಎದ್ದು ಹೋದ. ನಾನು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಯೇ ನಿಂತಿದ್ದೆ. ಡ್ರಮ್ಮನ್ನು ಮುಟ್ಟಿ ನೋಡಿದೆ. ಒಂದು ಹನಿ ಎಣ್ಣೆಯ ಪಸೆಯಿಲ್ಲ. ಇಷ್ಟು ಒಣಗಿದರೆ ಯಾವ ಗಾಲಿ ತಾನೇ ಅಳದೆ ಇದ್ದೀತು ಅನ್ನಿಸಿತು. ಪಕ್ಕದಲ್ಲಿ ಹತ್ತಿ ಇಳಿಸಿ ನಿಲ್ಲಿಸಿದ ಬಂಡಿಯ ಗೊಟ್ಟದಲ್ಲಿ ಬೆರಳದ್ದಿ, ಡ್ರಮ್ಮಿನ ಒಳಗೆ ಸುತ್ತಲೂ ಸವರಿದೆ. ತನ್ನ ಕೆಲಸದಲ್ಲಿ ಕೈ ಹಾಕಿದೆನೆಂದು ಅಣ್ಣ ಬಯ್ದಾನು ಎಂದು, ಎದ್ದು ಕಾಣದಂತೆ ಸೆರಗಿನ ಚುಂಗಿನಿಂದ ತೆಳ್ಳಗೆ ಮಾಡಿದೆ. ಕರಿಯಲ್ಲಿ ಕರಿ ಕಲೆತುಹೋಯಿತು.

ಅಣ್ಣ ಬಂದು ಮಬ್ಬು ಬೆಳಕಿನಲ್ಲೇ ಎಲ್ಲ ಜೋಡಿಸಿದ. ಓಣಿಯಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿ ನಿಲ್ಲಿಸಿದ. ಸಪ್ಪಳವೇ ಇಲ್ಲ! ಸಾಹುಕಾರರು ಕಟ್ಟೆಯ ಮೇಲಿನಿಂದಲೇ ತಲೆದೂಗಿದರು.

ಉಣ್ಣಲು ಕೂತಾಗ ಅಣ್ಣನಿಗೆ ಹಿಗ್ಗೋ ಹಿಗ್ಗು. "ಹಂದಿ ಸತ್ತಿತು ಬೇ!" ಎಂದ ಅವ್ವನಿಗೆ.

"ಎಣ್ಣಿ ಹಚ್ಚಿದೇನಪಾ?"

"ಎಣ್ಣೀನಾ? ಅದೇನು ಅಪ್ಪನ ಬಂಡಿ ಅಂದ್ಕಂಡೀಯೇನು? ಅಲ್ಲಿ ಎಣ್ಣಿ ಹತ್ತಿದ್ರ ಪಟ್ಟಿ ಹಿಡಿಯಂಗಿಲ್ಲ, ಜಾರತೈತಿ. ಒಳಗ ಕುಂತೋರು ಸಾಯ್ತಾರ."

ಹೆಂಚಿನ ಮೇಲೆ ನನ್ನ ರೊಟ್ಟಿ ಹೊತ್ತಿ ಹೊಗೆಯಾಡಿತು. "ಎಲ್ಲೈತಿ ನಿನ ಲಕ್ಷ್ಯ?" ಎಂದು ಅವ್ವ ಗದರಿದಳು. ಆಗಲೇ ಹೇಳಬಹುದಿತ್ತು. ಆದರೆ ಮತ್ತೆ ಬಿಚ್ಚಿದರೆ ಸಾಹುಕಾರರು ಕೇಳುತ್ತಾರೆ, ಅಣ್ಣನ ಕೆಲಸ ಹೋಗುತ್ತದೆ. ತೆಳ್ಳಗೆ ತಾನೇ ಹಚ್ಚಿದ್ದು, ಆರಿಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವ್ವಾರ ಪಕ್ಕದಲ್ಲಿ ಕುಳಿತೆ. ಊರು ದಾಟುವವರೆಗೂ ಅಣ್ಣನ ಕಾಲನ್ನೇ ನೋಡುತ್ತಿದ್ದೆ. ಅವನು ಬ್ರೇಕು ಒತ್ತಿದಾಗಲೆಲ್ಲ ಆ ಹಂದಿಯ ಕಿರಚಾಟ ಒಮ್ಮೆ ಕೇಳಲಿ ದೇವರೇ ಎಂದು ಬೇಡಿಕೊಂಡೆ. ಕೇಳಲಿಲ್ಲ.

ಎಮ್ಮಿಗನೂರಿನ ಹತ್ತಿರ ಕುರಿಮಂದೆ ಅಡ್ಡ ಬಂತು. ಅಣ್ಣ ಒತ್ತಿದ. ಕಾರು ನಿಲ್ಲುವ ಮೊದಲು ಸರ್ರನೆ ಬಲಕ್ಕೆ ಎಳೆಯಿತು. ಕುರುಬ ಕೋಲೆತ್ತಿ ತೆಲುಗಿನಲ್ಲಿ ಬಯ್ದ. "ರೋಡು ಓರಿ ಐತಿ," ಎಂದ ಅಣ್ಣ, ತನಗೆ ತಾನೇ ಹೇಳಿಕೊಳ್ಳುವಂತೆ. ಇನ್ನಷ್ಟು ದೂರ ಹೋದ ಮೇಲೆ ಸುಟ್ಟ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಾನು ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಎಲ್ಲೋ ಹೊಲದಾಗ ಏನೋ ಸುಡಾಕತ್ತಾರ ನೋಡು," ಎಂದರು ಅವ್ವಾರು ಮೂಗಿಗೆ ಸೆರಗು ಹಿಡಿದು.

ಅಣ್ಣ ಕಾರನ್ನು ಬದಿಗೆ ನಿಲ್ಲಿಸಿ ಇಳಿದ. ನನ್ನನ್ನೂ ನೀರಿನ ತಂಬಿಗೆ ತರಲು ಕರೆದ. ಕೂಸನ್ನು ಅವ್ವಾರ ಕೈಗೆ ಕೊಟ್ಟು ಇಳಿದೆ. ಎಡಗಾಲಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ ಕೇಳಿದ.

"ನಿನ್ನೆ ನಾ ಒಳಗ ಹೋದಾಗ ಗಾಲಿ ಹತ್ರ ಯಾರರ ಬಂದಿದ್ರೇನವ್ವಾ?"

ಕಾರಿನ ಕಿಟಕಿಯಿಂದ ಅವ್ವಾರು ನಮ್ಮನ್ನೇ ನೋಡುತ್ತಿದ್ದರು. ತಂಬಿಗೆಯ ನೀರು ನನ್ನ ಕಾಲ ಮೇಲೆ ತುಳುಕುತ್ತಿತ್ತು.

"ಇಲ್ಲ," ಅಂದೆ.

ಅವನು ನಂಬಿದ. "ನಾನಾ ಪಟ್ಟಿ ಜಾಸ್ತಿ ಬಿಗಿ ಮಾಡೀನೇನೋ. ಹೊಳಿ ಮುಟ್ಟಿದ ಮ್ಯಾಲೆ ಬಿಚ್ಚಿ ನೋಡ್ತೀನಿ," ಎಂದು ಮತ್ತೆ ಹತ್ತಿದ.

ಹೊಳೆ ಮುಟ್ಟುವ ಮೊದಲೇ ಇಳಿಜಾರು ಬಂತು. ನಾಗಲದಿನ್ನೆಯ ದಂಡೆಗೆ ಇಳಿಯುವ ಬಂಡಿದಾರಿ. ಬಲಕ್ಕೆ ಕೊರಕಲು, ಅದರಾಚೆ ನೀರು. ಎದುರಿಗೆ ಒಬ್ಬಾಕೆ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಏರಿ ಬರುತ್ತಿದ್ದಳು. ಅಣ್ಣ ಜೋರಾಗಿ ಒತ್ತಿದ. ಕಾರು ಆಕೆಯನ್ನು ಬಿಟ್ಟು ಕೊರಕಲಿನತ್ತ ತಿರುಗಿಬಿಟ್ಟಿತು. ನಾನು ಕೂಸನ್ನು ಎದೆಗವಚಿಕೊಂಡು ಬಗ್ಗಿದೆ. ಅಣ್ಣ "ಶಿವಾ!" ಎಂದು ಕೂಗಿದ್ದಷ್ಟೇ ನೆನಪು. ಕಣ್ಣು ತೆರೆದಾಗ ಕಾರು ಕೊರಕಲಿನ ಅಂಚಿನ ಜಾಲಿಗಿಡಕ್ಕೆ ಗುದ್ದಿ ಓರೆಯಾಗಿ ನಿಂತಿತ್ತು. ಕೂಸು ಅಳಲಿಲ್ಲ. ಅಳದಿದ್ದ ಆ ಒಂದು ಗಳಿಗೆಯಲ್ಲಿ ನಾನೇ ಸತ್ತಂತಾಗಿತ್ತು. ಆಮೇಲೆ ಚಿಟ್ಟನೆ ಚೀರಿತು.

ಅವ್ವಾರ ಹಣೆ ಒಡೆದಿತ್ತು. ಅಣ್ಣನ ಬಲಗೈ ಮಣಿಕಟ್ಟು ಮುರಿದಿತ್ತು. ಎಮ್ಮಿಗನೂರಿನಿಂದ ಬಂದ ಮೆಕ್ಯಾನಿಕ್ ಗಾಲಿ ಬಿಚ್ಚಿ ಒಳಗಿನ ಜಿಡ್ಡು ತೋರಿಸಿದ. ಗಾಲಿಯ ನಡುವೆ ತುಂಬುವ ಗ್ರೀಸು ತನ್ನ ಕೈಯಿಂದಲೇ ಪಟ್ಟಿಗೆ ತಾಗಿದೆ ಎಂದು ಅಣ್ಣ ತಿಳಿದ.

"ನನ್ನ ಕೈಲಿಂದಾನ ಆತ್ರೀ ಅವ್ವಾರ," ಎಂದು ಅವರ ಕಾಲು ಹಿಡಿದ. ನಾನು ಪಕ್ಕದಲ್ಲೇ ಕೂಸನ್ನು ತೂಗುತ್ತ ನಿಂತಿದ್ದೆ.

ಕೈ ಕೂಡಿತು. ಆದರೆ ಅವನು ಮತ್ತೆಂದೂ ಕಾರು ಮುಟ್ಟಲಿಲ್ಲ. ಅಪ್ಪನ ಬಂಡಿಯನ್ನೇ ಕಟ್ಟಿದ. ನಾನು ಕೌತಾಳಂಗೆ ಮದುವೆಯಾಗಿ ಹೋದೆ. ಅಲ್ಲಿ ಬಸ್ಸು ಬ್ರೇಕು ಹಾಕಿದರೆ ಸಾಕು, ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಒಂದು ಹಬ್ಬಕ್ಕೆ ತವರಿಗೆ ಬಂದಿದ್ದೆ. ಅಂಗಳದಲ್ಲಿ ಅಣ್ಣ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಗಾಲಿ ಕಳಚದಂತೆ ಕಡಾಣಿ ಸಿಕ್ಕಿಸಿ ಎದ್ದ. ಸ್ವಲ್ಪ ದೂರ ಹೋಗಿ ತಿರುಗಿ ಬಂದು ಅದನ್ನು ಅಲುಗಾಡಿಸಿ ನೋಡಿದ. ಮತ್ತೆ ಹೋದ, ಮತ್ತೆ ಬಂದ.

"ಕಡಾಣಿಗೇನು ಕಾಲು ಬಂದಾವ, ಓಡಿ ಹೋಗಾಕ?" ಎಂದು ಅತ್ತಿಗೆ ನಕ್ಕಳು. "ದಿನಾ ಇದಾ ಹಾಡು ನಿಮ್ಮಣ್ಣಂದು."

ಅಣ್ಣ ನಗಲಿಲ್ಲ. "ನನ್ನ ಕೈ ನಂಬಂಗಿಲ್ಲ ಬಿಡು," ಎಂದ.

ನನಗೆ ತಡೆಯಲಾಗಲಿಲ್ಲ. ಹೋಗಿ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಗೊಟ್ಟವನ್ನು ಕೈಗೆತ್ತಿಕೊಂಡೆ. ಅತ್ತಿಗೆಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ:

"ಅಣ್ಣಾ, ಆವತ್ತು ಡ್ರಮ್ಮಿನೊಳಗ ಇದನ್ನ ಹಚ್ಚಿದಾಕಿ ನಾನು. ನೀ ಕೇಳಿದಾಗ ಇಲ್ಲ ಅಂದೆ. ನಿನ್ನ ಕೈ ತಪ್ಪಿರಲಿಲ್ಲಣ್ಣಾ, ತಪ್ಪಿದಾಕಿ ನಾನು. ಹೊಟ್ಟ್ಯಾಗ ಹಾಕ್ಕೋ."